ಆರದ ಕಡುಬು

ಚೀಲ ಬಿಸಿಯಾಗಿತ್ತು. ಹೆದ್ದಾರಿಯ ಅಂಚು ಬಿಟ್ಟು ಗದ್ದೆಗಳ ಮೇಲೆ ನಿಂತಿದ್ದ ನೀರಿಗೆ ಇಳಿಯುವಾಗ ದೋಣಿ ಓಲಾಡಿತು. ಆಯ ತಪ್ಪದಿರಲೆಂದು ಲುಯೆನ್ ಪಕ್ಕದ ಚೀಲದ ಮೇಲೆ ಕೈಯೂರಿದಳು, ಊರಿದ ಕೈಯನ್ನು ಹಾಗೆಯೇ ಬಿಟ್ಟಳು. ನಸುಕಿನಿಂದ ಹನಿಯುತ್ತಿದ್ದ ಮಳೆಗೆ ಬೆರಳು ಮರಗಟ್ಟಿದ್ದವು. ಆ ಬಿಸಿ ಹಿತವಾಗಿತ್ತು. ಹಿತವಾಗಿದೆ ಅನ್ನಿಸಿದ ಮರುಕ್ಷಣವೇ ಅವಳು ಬೆಚ್ಚಿದಳು. ಕಡುಬಿನ ಚೀಲ ಈ ಹೊತ್ತಿಗೆ ಬಿಸಿ ಇರಬಾರದಿತ್ತು. ಹಂಡೆಯಿಂದ ತೆಗೆದ ಕಡುಬನ್ನು ತಣ್ಣೀರಲ್ಲಿ ತೊಳೆದು, ಜೋಡಿ ಜೋಡಿಯಾಗಿ ಕೋಲಿಗೆ ನೇತುಹಾಕಿ, ಒಂದು ಹೊತ್ತು ಗಾಳಿಗೆ ಬಿಟ್ಟು, ಎಲೆಯ ಮೇಲಿನ ನೀರೆಲ್ಲ ಆರಿದ ಮೇಲೆ ಮಾತ್ರ ಚೀಲ ಕಾಣಿಸಬೇಕು. ಇದು ಅವಳು ಹುಟ್ಟಿದಾಗಿನಿಂದ ಕಂಡ ಕೆಲಸ, ಹೊಸದಾಗಿ ಬಂದ ಸೊಸೆಯರಿಗೆ ಅವಳೇ ಗದರಿ ಹೇಳಿಕೊಟ್ಟ ಕೆಲಸ. ಬಿಸಿಯಲ್ಲೇ ಕಟ್ಟಿದರೆ ಕಡುಬು ಚೀಲದೊಳಗೆ ಬೆವರುತ್ತದೆ. ನಾಳೆ ಸಂಜೆಗೆ ಎಲೆ ಲೋಳೆಯಾಗುತ್ತದೆ, ನಾಡಿದ್ದು ಬಿಚ್ಚಿದರೆ ಹುಳಿ ನಾತ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಸೊಂಟದ ಬಟ್ಟೆಗೆ ಒರೆಸಿಕೊಂಡಳು, ಆಮೇಲೆ ಮತ್ತೆ ಇಟ್ಟು ನೋಡಿದಳು. ಬಿಸಿಯೇ. ಒಂದಲ್ಲ, ದೋಣಿಯ ಹೊಟ್ಟೆಯಲ್ಲಿ ಒಂದರ ಮೇಲೊಂದು ಒರಗಿಸಿದ್ದ ಅವಳ ಬಾವಿ ಓಣಿಯ ಅಷ್ಟೂ ಚೀಲಗಳೂ ಬಿಸಿ.

ಹ್ವೇ ಪಟ್ಟಣದಲ್ಲಿ ಹೊಳೆಯ ಆ ದಡಕ್ಕೆ ಬಾವಿ ಓಣಿಯ ಲುಯೆನ್ ಎಂದರೆ ಕಡುಬಿನ ಲುಯೆನ್ ಎಂದೇ ಲೆಕ್ಕ. ಅಂಟಕ್ಕಿ, ಅದರೊಳಗೆ ಹೆಸರುಬೇಳೆ, ಬೇಳೆಯೊಳಗೆ ಒಂದೆಳೆ ಹಂದಿಯ ಕೊಬ್ಬು. ಬಾಳೆ ಎಲೆಯಲ್ಲಿ ಮುಂಗೈ ಗಾತ್ರಕ್ಕೆ ಸುತ್ತಿ, ಬಿದಿರಿನ ನಾರಿನಿಂದ ಬಿಗಿದು, ಇರುಳಿಡೀ ಕುದಿಸುವ ಬಾನ್ ತೆತ್. ಹೊಸ ವರ್ಷಕ್ಕೆ ಇದನ್ನು ಮಾಡದ ಮನೆಯಿಲ್ಲ, ಆದರೆ ಲುಯೆನ್ ಕಟ್ಟಿದ್ದು ಹಬ್ಬ ಮುಗಿದು ಮಕ್ಕಳು ಶಾಲೆಗೆ ಹೋಗತೊಡಗಿದರೂ ಹಳಸುವುದಿಲ್ಲ ಎಂಬ ಮಾತು ಸಂತೆಯಲ್ಲಿತ್ತು. ಮಾತು ಎಂದರೆ ಸಾಮಾನ್ಯವೇ? ಗಂಡ ಹೋದ ಮೇಲೆ ಅವಳು ಆ ಮಾತನ್ನೇ ಉಟ್ಟು ಓಡಾಡಿದವಳು. ನೆರೆ ಬಂತೆಂದರೆ ನಮ್ಮವರು ಮೊದಲು ಹುಡುಕುವುದೂ ಬಾಳೆ ಎಲೆಯನ್ನೇ. ಒಲೆ ಮುಳುಗಿ ಅಟ್ಟದಲ್ಲಿ ಕೂತವನಿಗೆ ಅಕ್ಕಿ ಕೊಟ್ಟರೆ ಅವನೇನು ನೆರೆಯ ನೀರಲ್ಲಿ ಅದನ್ನು ನೆನೆಸಿ ತಿನ್ನುತ್ತಾನೆಯೇ? ಕಡುಬಾದರೆ ಬೆಂಕಿ ಬೇಡ, ನೀರು ಬೇಡ, ಬಟ್ಟಲೂ ಬೇಡ; ಸಿಪ್ಪೆ ಬಿಡಿಸಿದ ಹಾಗೆ ಎಲೆ ಬಿಡಿಸಿ, ಅದೇ ನಾರಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ತಿನ್ನಬಹುದು. ಚೆನ್ನಾಗಿರುವ ಎಲೆ ಹರಿದ ಎಲೆಯನ್ನು ಸುತ್ತಬೇಕು ಅನ್ನುವ ಗಾದೆಯನ್ನು ದೊಡ್ಡವರು ಬಟ್ಟೆಯ ಮೇಲೆ ಬರೆಸಿ ನೆರವಿನ ಲಾರಿಗೆ ಕಟ್ಟುತ್ತಾರೆ. ಬಾವಿ ಓಣಿಯ ಹೆಂಗಸರು ಅದನ್ನು ಬರೆಸುವುದಿಲ್ಲ. ಅಂಗಳದಲ್ಲಿ ಕೂತು ಹರಿದ ಎಲೆ ಒಳಗೆ, ಚೆನ್ನಾಗಿರುವ ಎಲೆ ಹೊರಗೆ ಎಂದು ನಿಜವಾಗಿಯೂ ಸುತ್ತುತ್ತಾರೆ. ಈ ಹೆಮ್ಮೆ ಲುಯೆನ್‌ಗೆ ಇತ್ತು, ಇರಬೇಕಾದದ್ದೇ. ಆ ಹೆಮ್ಮೆಯೇ ಇವತ್ತು ನಸುಕಿನಲ್ಲಿ ಅವಳ ಕೈಯಿಂದ ಚೀಲದ ಬಾಯಿ ಕಟ್ಟಿಸಿತು ಎಂಬುದು ಬೇರೆ ಮಾತು.

ನಡೆದದ್ದು ಇಷ್ಟೇ. ನೆರೆಯಲ್ಲಿ ಮುಳುಗಿದ ಥಾನ್ ಲಾಯ್ ಊರಿಗೆ ದೋಣಿ ಮಧ್ಯಾಹ್ನಕ್ಕೆ ಎಂದಿದ್ದರು. ಮೇಲಿನ ಅಣೆಕಟ್ಟಿನಿಂದ ಮಧ್ಯಾಹ್ನವೇ ನೀರು ಬಿಡುತ್ತಾರೆಂದು ಧ್ವನಿವರ್ಧಕದಲ್ಲಿ ಕೂಗಿದರು. ಹೋಗುವುದಾದರೆ ಈಗಲೇ ಎಂದು ದೋಣಿಯವನ ಫೋನು ಬಂತು. ಹಂಡೆ ಆಗಷ್ಟೇ ಒಲೆಯಿಂದ ಇಳಿದಿತ್ತು. ಓಣಿಯ ಬಾಯಲ್ಲಿ ಟೆಂಪೊ ನಿಂತಿತ್ತು, ಅದರಲ್ಲಾಗಲೇ ಸೇತುವೆ ಓಣಿಯ ಥಾಮ್ ತನ್ನ ಚೀಲಗಳನ್ನಿಟ್ಟುಕೊಂಡು, ಎಲೆಟೋಪಿಯ ಪಟ್ಟಿಯನ್ನು ಗದ್ದಕ್ಕೆ ಬಿಗಿದುಕೊಂಡು, ಮದುವೆಗೆ ಹೊರಟವಳ ಹಾಗೆ ಕೂತಿದ್ದಳು. ಥಾಮ್‌ಳದು ಚಿಕ್ಕ ಹಂಡೆ, ನಾಲ್ಕಾರು ಜನರ ಕೆಲಸ. ಹಿಂದಿನ ದಿನವೇ ಬೇಯಿಸಿ, ನೇತುಹಾಕಿ, ಆರಿಸಿ ಮುಗಿಸಿದ್ದಳು. ಓಣಿಯ ಮುದುಕಿಯೊಬ್ಬಳು, "ಒಂದು ಗಳಿಗೆ ಗಾಳಿಗೆ ಹಾಕೇ, ಬೆವರುತ್ತೆ" ಅಂದಳು. ಲುಯೆನ್, "ದೋಣಿ ಹೋದ್ಮೇಲೆ ಗಾಳಿಗೆ ಹಾಕಿ ಕಾಗೆಗೆ ಇಡೋದಾ?" ಎಂದು ಬಾಯಿ ಮುಚ್ಚಿಸಿದಳು. ದೋಣಿ ಹೋಗುತ್ತದೆ ಎಂಬುದು ನಿಜ. ಆದರೆ ಅದಕ್ಕಿಂತ ನಿಜವಾದದ್ದು, ಸೇತುವೆ ಓಣಿಯ ಬೆರಳೆಣಿಕೆಯ ಕಡುಬು ತಲುಪಿ ಬಾವಿ ಓಣಿಯದು ತಲುಪಲಿಲ್ಲ ಎಂಬ ಸುದ್ದಿ ಸಂತೆಯಲ್ಲಿ ಹೇಗೆ ಬಾಯಿಂದ ಬಾಯಿಗೆ ದಾಟುತ್ತದೆ ಎಂದು ಅವಳಿಗೆ ಗೊತ್ತಿದ್ದದ್ದು.

"ಅಬ್ಬಾ, ಇನ್ನೂ ಬಿಸಿ ಇದೆ ಅಕ್ಕ!" ದೋಣಿಯವನು ವಿನ್ ಹಿಂದಿನಿಂದ ಕೂಗಿದ. ಹಿನ್ನೀರಿನ ಮೀನುಗಾರ, ಮಾತಿಗೊಮ್ಮೆ ನಗುವವನು. ಯಾರೂ ಕರೆಯದೆ ತನ್ನ ದೋಣಿಯನ್ನು ಲಾರಿ ಹತ್ತಿಸಿಕೊಂಡು ಬಂದವನು. ಒಂದು ಕಾಲನ್ನು ಚೀಲಕ್ಕೆ ಒತ್ತಿಕೊಂಡು ಯಂತ್ರದ ಹಿಡಿ ತಿರುಗಿಸುತ್ತಿದ್ದ. "ನನ್ನ ಕಾಲಿಗೆ ಜೀವ ಬಂತು ನೋಡು. ಆ ಜನ ಇದನ್ನ ಕೈಗೆ ತಗೊಂಡ್ರೆ ಅಳ್ತಾರೆ. ಇಷ್ಟು ದಿನ ಬರೀ ಒಣ ಸೇವಿಗೆ ಕಡ್ದು ಕಡ್ದು ಬಾಯೆಲ್ಲ ಹುಣ್ಣಾಗಿರುತ್ತೆ."

"ಬಾವಿ ಓಣಿ ಅಂದ್ರೆ ಸುಮ್ನೇನಾ," ಎಂದಳು ಥಾಮ್. ಹೊಗಳಿಕೆಯೋ ಕೊಂಕೋ ಎಂದು ತಿಳಿಯುವ ಹಾಗೆ ಥಾಮ್ ಎಂದೂ ಮಾತಾಡಿದವಳಲ್ಲ. ಅವಳ ಕಣ್ಣು ಮಾತ್ರ ಚೀಲದ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು. ಕಡುಬು ಮಾಡುವವಳು, ಗೊತ್ತಾಗದೆ ಇರುತ್ತದೆಯೇ? ಅಥವಾ ಗೊತ್ತಾಗಿಲ್ಲವೇ? ಲುಯೆನ್ ನಗಲು ಹೋದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಿಗೆ ನಗು ಎಲ್ಲಿಂದ ಬರಬೇಕು. ಟೋಪಿ ಸರಿಮಾಡಿಕೊಳ್ಳುವ ನೆವದಲ್ಲಿ ಬಾಗಿ ಹತ್ತಿರದ ಚೀಲದ ಬಾಯಿಯನ್ನು ಎರಡು ಬೆರಳಿನಷ್ಟು ಸಡಿಲಿಸಿದಳು. ಹಬೆ ಮುಖಕ್ಕೆ ಹೊಡೆಯಿತು, ಬೆಂದ ಬಾಳೆ ಎಲೆಯ ವಾಸನೆ, ಹೊಸ ವರ್ಷದ ಹಿಂದಿನ ರಾತ್ರಿಯ ವಾಸನೆ. ಬೇರೆ ದಿನವಾಗಿದ್ದರೆ ಕಣ್ಣು ಮುಚ್ಚಿ ಎಳೆದುಕೊಳ್ಳುತ್ತಿದ್ದಳು. ಮಳೆ ಹನಿ ಒಳಗೆ ಬೀಳತೊಡಗಿತು. ಮತ್ತೆ ಮುಚ್ಚಿದಳು.

ಎರಡೂ ಕಡೆ ನೀರು ಕೆನ್ನೀರಾಗಿ ಹರಡಿತ್ತು. ಬಿದಿರು ಮೆಳೆಗಳ ತುದಿ, ದೀಪದ ಕಂಬಗಳ ತಲೆ, ಗೋರಿಯೊಂದರ ಬಿಳಿ ಮೂಲೆ. ಎಲ್ಲೋ ನಾಯಿಯೊಂದು ಹೆಂಚಿನ ಮೇಲೆ ನಿಂತು ಬೊಗಳುತ್ತಿತ್ತು. ಹಿಂದೊಮ್ಮೆ, ಪಂಚಾಂಗದ ಬೆಕ್ಕಿನ ವರ್ಷದಲ್ಲಿ ಬಂದ ಆ ದೊಡ್ಡ ನೆರೆಯಲ್ಲೂ ನಾಯಿಗಳು ಹೀಗೆಯೇ ಬೊಗಳುತ್ತಿದ್ದವು, ಆಮೇಲೆ ಬೊಗಳುವುದನ್ನು ನಿಲ್ಲಿಸಿದವು. ಆಗ ಅಟ್ಟದಲ್ಲಿದ್ದವಳು ಅವಳು. ಹೆಂಚು ತೆಗೆದ ತೂತಿನಿಂದ ತಲೆ ಹೊರಗೆ ಹಾಕಿ, ತೊಡೆಯ ಮೇಲೆ ಮಗಳು, ಬೆನ್ನಿಗೆ ಅತ್ತೆ, ಪಕ್ಕದಲ್ಲಿ ಪೀಠದಿಂದ ಇಳಿಸಿ ತಂದ ಹಿರಿಯರ ಪಟಗಳು. ದೋಣಿಯೊಂದು ಬಂತು. ಅದರಲ್ಲಿ ಬಿಳಿ ಅಂಗಿಯ ಮನುಷ್ಯನೊಬ್ಬ ನಿಂತು ರೊಟ್ಟಿಯ ಪೊಟ್ಟಣವನ್ನು ಮುಂದೆ ಚಾಚಿದ. ಅವಳು ಎರಡೂ ಕೈ ಚಾಚಿದಳು. ಅವನು ಬಿಡಲಿಲ್ಲ. ಪಕ್ಕದವನು ಕ್ಯಾಮೆರಾ ಸರಿಮಾಡಿಕೊಳ್ಳುವ ತನಕ ಪೊಟ್ಟಣದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಸ್ವಲ್ಪ ನಗಮ್ಮ ಅಂದರು, ಅವಳು ನಕ್ಕಳು, ತಲೆಯನ್ನೂ ಬಾಗಿಸಿದಳು. ಅವರು ಹೋದ ಮೇಲೆ ಬಿಚ್ಚಿದರೆ ರೊಟ್ಟಿಯ ಮೈಗೆಲ್ಲ ಹಸಿರು ಬೂಷ್ಟು. ಅತ್ತೆ ಉಗುರಿನಿಂದ ಬೂಷ್ಟು ಕೆರೆದು ಮೊಮ್ಮಗಳಿಗೆ ಕೊಟ್ಟು, ಕೊಟ್ಟವರ ಮನಸ್ಸಿಗೇನು ಬೂಷ್ಟು ಹಿಡಿದಿಲ್ಲವಲ್ಲ ಬಿಡು ಎಂದಳು. ಅತ್ತೆ ದೊಡ್ಡ ಮನುಷ್ಯಳು. ಲುಯೆನ್‌ಗೆ ಅಷ್ಟು ದೊಡ್ಡತನ ಇರಲಿಲ್ಲ. ಆ ನಗುವನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ, ತನ್ನದೇ ಮುಖದ ಮೇಲೆ ಬಂದ ಆ ನಗುವನ್ನು. ಮಗಳು ಆ ರಾತ್ರಿ ಹೊಟ್ಟೆ ಹಿಡಿದುಕೊಂಡು ಅತ್ತದ್ದು, ಸುತ್ತ ನೀರೋ ನೀರು, ಕುಡಿಸಲು ಒಂದು ಗುಟುಕು ಇಲ್ಲದ್ದು, ಯಾವುದನ್ನೂ ಮರೆತಿಲ್ಲ. ಕೊಡುವ ಕೈ ಮೂಸಿ ನೋಡಿ ಕೊಡಬೇಕು ಎಂದು ಅವಳು ಓಣಿಯ ಹೆಂಗಸರಿಗೆ ಸಾವಿರ ಸಲ ಹೇಳಿದ್ದಾಳೆ. ಮೂಸಿ ನೋಡಿದರೆ ಈಗ ಏನೂ ತಿಳಿಯುವುದಿಲ್ಲ, ಅದೇ ಕಷ್ಟ. ಈಗ ಘಮಘಮ. ಕೆಟ್ಟದ್ದು ನಾಡಿದ್ದು.

"ಥಾನ್ ಲಾಯ್ ಬಂತು," ಎಂದ ವಿನ್.

ಊರೆಂದರೆ ಬರೀ ಸೂರುಗಳು. ಯಂತ್ರದ ಸದ್ದು ಕೇಳುತ್ತಲೇ ಹೆಂಚಿನ ತೂತುಗಳಿಂದ ತಲೆಗಳು ಮೇಲೆದ್ದವು, ಕೈಗಳು ಬೀಸಿದವು, ಆದರೆ ಯಾರೂ ಕಿರುಚಲಿಲ್ಲ. ಅದನ್ನು ನೋಡಿ ಲುಯೆನ್‌ಗೆ ಎದೆಯುಬ್ಬಿತು. ನಮ್ಮ ಜನ ಹೀಗೆಯೇ, ಕತ್ತಿನ ತನಕ ನೀರು ಬಂದರೂ ಮೊದಲು ಕೇಳುವುದು ಊಟ ಆಯ್ತಾ ಅಂತ. ಮೊದಲ ಸೂರಿನ ಮುದುಕ ಅದನ್ನೇ ಕೇಳಿದ: "ಏನಮ್ಮಾ, ಊಟ ಮಾಡ್ಕೊಂಡು ಬಂದ್ರಾ? ಹಿಂದಿನ ಮನೇಲಿ ಬಸುರಿ ಇದಾಳೆ, ಮೊದ್ಲು ಅಲ್ಲಿ ಕೊಡಿ, ನಮ್ದೇನು ಅವಸರ ಇಲ್ಲ." ಥಾಮ್ ಅವನ ಕೈಗೆ ಸೇವಿಗೆ, ಕುಡಿಯುವ ನೀರು ಕೊಟ್ಟಳು, ಲುಯೆನ್ ಒಂದು ಜೋಡಿ ಕಡುಬು ಕೊಟ್ಟಳು, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಲ್ಲಿ. ಹೇಳಬೇಕು. ಇವತ್ತೇ ತಿನ್ನಿ ತಾತ ಎಂಬ ಮೂರು ಮಾತು. ನಾಲಗೆಯ ತುದಿಗೆ ಬಂತು, ಅಷ್ಟರಲ್ಲಿ ಮುದುಕ ಕಡುಬನ್ನು ಕೆನ್ನೆಗೆ ಒತ್ತಿಕೊಂಡು, "ಬಿಸಿ ಬಿಸಿ!" ಎಂದು ಮಗುವಿನ ಹಾಗೆ ನಕ್ಕುಬಿಟ್ಟ. ವಿನ್ ದೋಣಿ ತಿರುಗಿಸಿದ. ಬಸುರಿಯ ಮನೆಯಲ್ಲೂ ಹಾಗೆಯೇ. ಅದರಾಚೆಯ ಮನೆಯಲ್ಲಿ ಅವಳು ಬಾಯಿ ತೆರೆದದ್ದಂತೂ ನಿಜ, ಹೊರಬಂದದ್ದು "ಹುಷಾರು" ಎಂಬ ಒಂದೇ ಮಾತು. ಇಷ್ಟು ಹಸಿದವರು, ಇವತ್ತೇ ತಿಂದುಬಿಡುತ್ತಾರೆ, ಹೇಳುವುದೇನಿದೆ ಎಂದು ತನಗೆ ತಾನೇ ಅಂದುಕೊಂಡಳು. ಹೇಳದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಅಂದುಕೊಂಡಳು, ಅದನ್ನು ಅಂದುಕೊಂಡದ್ದಕ್ಕೆ ಕಿವಿ ಬಿಸಿಯಾಯಿತು. ನೆರೆಯಲ್ಲಿ ಕೆಡದ ವಸ್ತು ಯಾವುದು? ಹುಳಿ ಬಂದರೆ ಮಳೆ ಎನ್ನುತ್ತಾರೆ, ತೇವ ಎನ್ನುತ್ತಾರೆ, ಗ್ರಹಚಾರ ಎನ್ನುತ್ತಾರೆ. ಇಡೀ ಆಕಾಶವೇ ಅವಳ ತಪ್ಪನ್ನು ಮುಚ್ಚಲು ಸುರಿಯುತ್ತಿರುವ ಹಾಗಿತ್ತು.

ಅತ್ತೆಯ ಜೊತೆ ಸಂತೆಗೆ ಬರುತ್ತಿದ್ದ ಮೇನ್‌ಳ ಮನೆ ಊರಿನ ನಡುವೆ, ಹಲಸಿನ ಮರದ ತಲೆಯ ಪಕ್ಕ. ಮೂವತ್ತರ ಹೆಂಗಸು, ಮೀನಿಗೆ ಹೋದ ಗಂಡ ದಕ್ಷಿಣದ ಯಾವುದೋ ಬಂದರಿನಲ್ಲಿ ಸಿಕ್ಕಿಕೊಂಡಿದ್ದ. ಅಟ್ಟದಲ್ಲಿ ಅವಳು, ಇಬ್ಬರು ಮಕ್ಕಳು, ಎದ್ದು ಕೂರಲಾರದ ಮಾವ. ತೂತಿನಿಂದ ಸೊಂಟದ ತನಕ ಹೊರಬಂದು ಅವಳು ಒಂದೊಂದೇ ವಸ್ತುವನ್ನು ತೆಗೆದುಕೊಂಡಳು, ಪ್ರತಿಯೊಂದಕ್ಕೂ ತಲೆ ಬಾಗಿಸಿದಳು. ಹರಿದ ಅಂಗಿಯ ಮೇಲೆ ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಂಡಿದ್ದಳು, ಕೂದಲು ಬಾಚಿ ಕಟ್ಟಿದ್ದಳು. ನೆಂಟರು ಬರುತ್ತಾರೆಂದು ಬಾಚಿಕೊಂಡವಳ ಹಾಗೆ. ಕಡುಬನ್ನು ಕೈಗೆ ತೆಗೆದುಕೊಂಡವಳು ತಿರುಗಿಸಿ ನೋಡಿ, "ಇದು ಲುಯೆನಕ್ಕನ ಕಟ್ಟಲ್ವಾ?" ಎಂದಳು. "ನಾರಿನ ಬಿಗಿ ನೋಡಿದ್ರೆ ಗೊತ್ತಾಗುತ್ತೆ. ಪೇಟೆಗೆ ಬಂದಾಗೆಲ್ಲ ನಮ್ಮತ್ತೆ ನಿಮ್ಮ ಹತ್ರಾನೇ ತರ್ತಿದ್ರು ಅಕ್ಕ, ಬೇರೆಯವರ್ದು ಮುಟ್ತಿರ್ಲಿಲ್ಲ."

ಚಿಕ್ಕವನು ಕಡುಬಿಗೆ ಕೈ ಹಾಕಿದ. ಅವಳು ಅವನ ಕೈಯನ್ನು ಮೆಲ್ಲನೆ ಸರಿಸಿದಳು. "ಇದು ಬೇಡ ಕಂದ. ಸೇವಿಗೆ ತಿನ್ನು. ಲುಯೆನಕ್ಕಂದು ಎಷ್ಟು ದಿನ ಆದ್ರೂ ಕೆಡಲ್ಲ, ಇದು ಕೊನೇಗೆ. ದೋಣಿ ಬರದೇ ಇರೋ ದಿನಕ್ಕೆ." ಹೀಗೆ ಹೇಳಿ ಜೋಡಿಯನ್ನು ಜಂತೆಗೆ, ಮಕ್ಕಳ ಕೈಗೆಟುಕದಷ್ಟು ಎತ್ತರಕ್ಕೆ ಹಾಕಿದಳು.

ವಿನ್ ಹಿಡಿ ತಿರುಗಿಸಿದ, ದೋಣಿ ಸರಿಯಿತು. ಹಲಸಿನ ಎಲೆಗಳು ಲುಯೆನ್‌ಳ ಟೋಪಿಯನ್ನು ಸವರಿ ಹಿಂದೆ ಹೋದವು. ಮೇನ್ ಕೂಡ ತಲೆ ಬಾಗಿಸಿದಳು, ಎಂದುಕೊಂಡಳು ಲುಯೆನ್. ನನ್ನ ಹಾಗೆಯೇ ಬಾಗಿಸಿದಳು. ಬಿಳಿ ಅಂಗಿಯವನಿಗೆ ರೊಟ್ಟಿ ಬೂಷ್ಟು ಹಿಡಿದದ್ದು ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಪೊಟ್ಟಣ ಯಾರೋ ಕಟ್ಟಿದ್ದರು, ಅವನು ಹಂಚಿದ. ನನಗೆ ಗೊತ್ತು. ಅವನಿಗಿಂತ ಕೀಳಾದೆನಲ್ಲ. ಕೆಟ್ಟ ಹೆಸರಿನವಳ ಕಡುಬಾಗಿದ್ದರೆ ಅವರು ಇವತ್ತೇ ತಿಂದು ಬದುಕಿಕೊಳ್ಳುತ್ತಿದ್ದರು. ಒಳ್ಳೆಯ ಹೆಸರು ಅಂತಲೇ ಎತ್ತಿಡುತ್ತಾರೆ. ಅಂದರೆ ಆ ಮಕ್ಕಳ ಹೊಟ್ಟೆ ಕೆಡಿಸುವುದು ಹುಳಿಯಲ್ಲ, ನನ್ನ ಹೆಸರು. ಇಷ್ಟು ವರ್ಷ ಸಂತೆಯಲ್ಲಿ ಬೆಳೆಸಿದ ಹೆಸರು ಇಲ್ಲಿ ಜಂತೆಗೆ ನೇತಾಡುತ್ತಿದೆ, ಬೆವರುತ್ತಾ. ಥಾಮ್ ಎದುರಿಗೇ ಕೂತಿದ್ದಾಳೆ. ಹೇಳಿದರೆ ಥಾಮ್ ಕೇಳುತ್ತಾಳೆ. ಥಾಮ್ ಕೇಳಿದರೆ ಸೇತುವೆ ಓಣಿ ಕೇಳುತ್ತದೆ, ಹೊಸ ವರ್ಷದ ಸಂತೆ ಕೇಳುತ್ತದೆ, ಹಂಡೆಯ ಸುತ್ತ ನಿದ್ದೆಗೆಟ್ಟ ಓಣಿಯ ಅಷ್ಟೂ ಹೆಂಗಸರ ಮುಖ ಕೆಳಗಾಗುತ್ತದೆ. ದೋಣಿ ಮತ್ತೊಂದು ಸೂರಿನ ಕಡೆ ಹೊರಟಿತ್ತು.

"ಹಿಂದಕ್ಕೆ ತಿರುಗ್ಸು," ಎಂದಳು ಲುಯೆನ್.

"ಏನಕ್ಕ?"

"ಮೇನ್ ಮನೆಗೆ ಹಿಂದಕ್ಕೆ ತಿರುಗ್ಸು ಅಂದೆ."

"ಏನಾದ್ರೂ ಬಿಟ್ಟು ಬಂದ್ಯಾ? ಹೊಳೆ ಸೆಳೆತ ನೋಡು, ಎದುರಿಗೆ ಹೋಗ್ಬೇಕು. ಮಧ್ಯಾಹ್ನ ನೀರು ಬಿಡ್ತಾರೆ, ಆಮೇಲೆ ನಾವೂ ಯಾರ್ದಾದ್ರೂ ಸೂರು ಹತ್ಕೊಂಡು ಕೂರೋದೇ. ನನ್ನನ್ನ ಸಾಕೋಕೆ ಅವ್ರಿಗೆ ಆಗಲ್ಲ, ನಾನು ತುಂಬ ತಿಂತೀನಿ."

"ವಿನ್, ತಿರುಗ್ಸಪ್ಪಾ."

ಅವಳ ದನಿಯಲ್ಲಿ ಏನಿತ್ತೋ, ಅವನು ನಗುವುದನ್ನು ಬಿಟ್ಟು ತಿರುಗಿಸಿದ. ಯಂತ್ರ ಗೊರಗೊರ ಎಂದಿತು. ಥಾಮ್ ಅವಳನ್ನೇ ನೋಡುತ್ತಿದ್ದಳು. ಹೌದು, ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು ಎಂದು ಲುಯೆನ್‌ಗೆ ಆಗ ಖಾತ್ರಿಯಾಯಿತು. ಗೊತ್ತಿದ್ದೂ ಬಾಯಿಬಿಡದೆ ಕೂತಿದ್ದಳಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಮೇನ್ ತೂತಿನಿಂದ ತಲೆ ಹೊರಗೆ ಹಾಕಿದಳು, ಗಾಬರಿಯಿಂದ. ಕೊಟ್ಟದ್ದನ್ನು ವಾಪಸು ಕೇಳಲು ಬಂದರೇನೋ ಎಂಬ ಗಾಬರಿ ಅದು. ಲುಯೆನ್‌ಗೆ ಅದು ಗೊತ್ತು. ಅಟ್ಟದಲ್ಲಿ ಕೂತವಳಿಗೆ ಮಾತ್ರ ಗೊತ್ತಾಗುವ ಗಾಬರಿ.

"ಮೇನ್, ಆ ಕಡುಬು ಇಳ್ಸಮ್ಮ."

"ಯಾಕಕ್ಕ?"

"ಇವತ್ತೇ ತಿಂದ್ಬಿಡಿ. ಈಗ್ಲೇ. ಮಕ್ಕಳಿಗೂ ಕೊಡು, ಮಾವಂಗೂ ಕೊಡು. ಅದು ಉಳಿಯಲ್ಲ."

ಮೇನ್ ನಕ್ಕಳು. "ಏನಕ್ಕ ತಮಾಷೆ ಮಾಡ್ತೀರ. ನಿಮ್ಮ ಕಡುಬು ಉಳಿಯಲ್ವಾ?"

"ಉಳಿಯಲ್ಲ." ಅವಳು ಕೆಳಗೆ ನೋಡಲಿಲ್ಲ. "ದೋಣಿ ಹೊರಡುತ್ತೆ ಅಂತ ಬಿಸೀಲೇ ಚೀಲಕ್ಕೆ ತುಂಬ್ಸಿದೆ. ಆರಿಸ್ಲಿಲ್ಲ. ಗಾಳಿಗೆ ಹಾಕು ಅಂದ್ರು, ನಾನೇ ಕೇಳ್ಲಿಲ್ಲ. ನಾಳೆಗೆ ಹಳಸುತ್ತೆ, ನಾಡಿದ್ದು ತಿಂದ್ರೆ ಹೊಟ್ಟೆ ಕೆಡುತ್ತೆ. ತಪ್ಪು ನಂದು. ಓಣಿಯವ್ರದ್ದಲ್ಲ, ನಂದು."

ಮೇನ್ ತಿರುಗಿ ಜಂತೆಯಿಂದ ಜೋಡಿಯನ್ನು ಇಳಿಸಿದಳು. ಚಿಕ್ಕವನ ಮುಖ ಅರಳಿದ್ದನ್ನು ಲುಯೆನ್ ನೋಡಿದಳು, ಆ ಅರಳುವಿಕೆಗೆ ತಾನು ಅರ್ಹಳಲ್ಲ ಅನ್ನಿಸಿತು, ಆದರೂ ನೋಡಿದಳು. ಆಗ ಹಿಂದಿನಿಂದ ಥಾಮ್ ಎದ್ದು ನಿಂತಳು. ತನ್ನ ಚೀಲದಿಂದ ಒಂದೇ ಒಂದು ಕಡುಬು ತೆಗೆದು ಮೇನ್ ಕಡೆಗೆ ಚಾಚಿದಳು. "ಇದನ್ನ ಮೇಲೆ ಕಟ್ಟು. ಸೇತುವೆ ಓಣೀದು. ನಾಲ್ಕು ದಿನ ಗ್ಯಾರಂಟಿ. ರುಚಿ ಅವಳದ್ರಷ್ಟು ಇರಲ್ಲ, ಸುಳ್ಳು ಹೇಳಲ್ಲ, ಆದ್ರೆ ಇರುತ್ತೆ." ಮತ್ತೆ ಕೂತು, ಟೋಪಿಯ ಪಟ್ಟಿ ಬಿಗಿದುಕೊಂಡು, ಲುಯೆನ್ ಕಡೆ ನೋಡದೆ, "ಮಿಕ್ಕ ಮನೆಗಳಿಗೂ ಹೇಳ್ತೀಯೋ, ಇಲ್ಲ ಇದೊಂದೇ ಮನೆಗೋ?" ಎಂದಳು.

ಲುಯೆನ್ ಎದ್ದು ನಿಂತಳು. ದೋಣಿ ವಾಲಿತು, ವಿನ್ "ಅಕ್ಕಾ!" ಎಂದು ಚೀರಿದ. ಸಂತೆಯಲ್ಲಿ ಕೂಗಿ ಮಾರಿದ ಗಂಟಲು ಅವಳದು, ನಾಲ್ಕು ಸಾಲಿನಾಚೆಯ ಗಿರಾಕಿಯನ್ನು ತಿರುಗಿಸಿದ ಗಂಟಲು. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದಳು. "ಥಾನ್ ಲಾಯ್‌ನವ್ರೇ! ಬಾವಿ ಓಣಿ ಲುಯೆನ್ ನಾನು! ನನ್ನ ಕಡುಬು ಇವತ್ತೇ ತಿನ್ನಿ! ಎತ್ತಿಡ್ಬೇಡಿ! ನಾಳೆಗೆ ಉಳಿಯಲ್ಲ!" ನೀರಿನ ಮೇಲೆ ದನಿ ಎಷ್ಟು ದೂರ ಹೋಗುತ್ತದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಊರಿನ ಅಂಚಿನ ಸೂರುಗಳಿಂದಲೂ ತಲೆಗಳೆದ್ದವು. ಯಾವ ಲುಯೆನ್ ಎಂದು ಯಾರೋ ಕೇಳಿದರು. ಕಡುಬಿನ ಲುಯೆನ್ ಎಂದು ಬೇರೆ ಯಾರೋ ಕೂಗಿ ಹೇಳಿದರು. ಕಡುಬಿನ ಲುಯೆನ್‌ಳ ಕಡುಬು ಉಳಿಯಲ್ಲವಂತೆ ಎಂಬ ಸುದ್ದಿ ಸೂರಿನಿಂದ ಸೂರಿಗೆ, ಅವಳ ಕಣ್ಣೆದುರೇ, ಅವಳದೇ ಹೆಸರಿನ ಜೊತೆ ಊರು ಸುತ್ತಿತು. ಅವಳು ಹೆದರಿದ್ದು ಇದಕ್ಕೇ. ಆದರೆ ಈಗ ಅದು ತನ್ನ ಕಿವಿಗೆ ಬಿದ್ದಾಗ ಅವಳಿಗೆ ನಾಚಿಕೆಯಾಗಲಿಲ್ಲ, ಬೆನ್ನು ನೆಟ್ಟಗಾಯಿತು. ಬಿಳಿ ಅಂಗಿಯವನು ಹಿಂದಿರುಗಿ ಬರಲಿಲ್ಲ, ಹೆಸರು ಹೇಳಲಿಲ್ಲ. ನಾನು ಬಂದೆ, ಹೇಳಿದೆ. ಈ ಹೆಮ್ಮೆ ಹಳೆಯದಕ್ಕಿಂತ ಬೇರೆಯದು ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು, ಎಲ್ಲಿ ಬೇರೆ ಎಂದು ಯೋಚಿಸಲು ಹೊತ್ತಿರಲಿಲ್ಲ.

ಅವರು ಮೊದಲ ಸೂರಿಗೂ ಹಿಂದಿರುಗಿದರು, ಬಸುರಿಯ ಮನೆಗೂ. ಮುದುಕ ತನ್ನ ಜೋಡಿಯನ್ನು ಹಿರಿಯರ ಪಟದ ಮುಂದೆ ಇಟ್ಟು ಕೈ ಮುಗಿದು ಕೂತಿದ್ದ, ಮಾತು ಕೇಳಿ ಪಟದ ಕಡೆ ತಿರುಗಿ, "ಕೇಳ್ತಾ? ಬೇಗ ಬೇಗ ಮುಗ್ಸಿ, ನಮ್ಗೂ ಬೇಕು," ಎಂದ. ಆಮೇಲೆ ಮನೆಯಿಂದ ಮನೆಗೆ ಒಂದೇ ಕ್ರಮ. ಲುಯೆನ್ ಜೋಡಿ ಕೊಟ್ಟು ಇವತ್ತಿಗೆ ಎನ್ನುವಳು, ಥಾಮ್ ಒಂದು ಕೊಟ್ಟು ನಾಳೆಗೆ ಎನ್ನುವಳು. ಥಾಮ್‌ಳದು ಮುಗಿಯುತ್ತ ಬಂದಾಗ ಅರ್ಧ ಕತ್ತರಿಸಿ ಕೊಟ್ಟಳು, ಮಕ್ಕಳಿರುವ ಮನೆಗೆ ಮಾತ್ರ. ಹಿಂದೆ ಬಿಟ್ಟು ಬಂದ ಸೂರುಗಳ ಮೇಲೆ ಜನ ಹೊರಗೆ ಬಂದು ಕೂತಿದ್ದರು. ಉಳಿಸಿಡುವ ಹಾಗಿಲ್ಲ ಎಂದ ಮೇಲೆ ಎಷ್ಟೋ ದಿನಗಳಿಂದ ಕಚ್ಚಿ ಕಚ್ಚಿ ಇಟ್ಟುಕೊಂಡವರು ಹೊಟ್ಟೆ ತುಂಬ ತಿನ್ನುತ್ತಿದ್ದರು. ಒಂದು ಸೂರಿನಿಂದ ಇನ್ನೊಂದು ಸೂರಿಗೆ ಯಾರೋ ಉಪ್ಪುಮೀನಿನ ಸೀಸೆಯನ್ನು ಬಿದಿರಿನ ತುದಿಗೆ ಕಟ್ಟಿ ದಾಟಿಸುತ್ತಿದ್ದರು. ಯಾರೋ ಹಾಡಲು ಶುರುಮಾಡಿ, ಬಾಯಲ್ಲಿ ಅಂಟಕ್ಕಿ ಮೆತ್ತಿಕೊಂಡು ನಿಲ್ಲಿಸಿದರು; ನಗು ಕೇಳಿಸಿತು. ವಿನ್ ಒಂದು ಕಡುಬನ್ನು ತಾನೂ ಬಿಚ್ಚಿ, ಇದು ಸಹ ಉಳಿಯಲ್ಲ ತಾನೇ ಎಂದು ಅರ್ಧ ಒಂದೇ ಸಲಕ್ಕೆ ಬಾಯಿಗಿಟ್ಟ. ಲುಯೆನ್‌ಗೂ ಕೊಟ್ಟ. ತನ್ನ ಕೈಯ ಕಡುಬನ್ನು ಅವಳು ಇಷ್ಟು ಬಿಸಿಯಾಗಿ ತಿಂದು ಎಷ್ಟು ಕಾಲವಾಗಿತ್ತೋ. ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲೇಬೇಕು, ತುಂಬ ಚೆನ್ನಾಗಿತ್ತು.

ಕೊನೆಯ ಮನೆ ಹಿನ್ನೀರಿನ ಕಡೆಗೆ, ಒಂಟಿಯಾಗಿ. ತಾಯಿಯೊಬ್ಬಳು ಮೂವರು ಮಕ್ಕಳನ್ನು ಸೂರಿನ ಬೆನ್ನಿಗೆ ಹಗ್ಗದಿಂದ ಕಟ್ಟಿ ಕೂರಿಸಿದ್ದಳು. ಥಾಮ್‌ಳ ಚೀಲ ಖಾಲಿಯಾಗಿತ್ತು. ಲುಯೆನ್ ಉಳಿದ ಜೋಡಿಗಳನ್ನೆಲ್ಲ ಕೊಟ್ಟು, ಇವತ್ತೇ ತಿನ್ನಬೇಕು, ನೆರೆಯವರಿಗೆ ದಾಟಿಸುವ ಹಾಗಿದ್ದರೆ ದಾಟಿಸಿ, ಎತ್ತಿಡಬೇಡಿ ಎಂದಳು. ತಾಯಿ ತಲೆಯಾಡಿಸಿದಳು. ಕಡುಬುಗಳನ್ನು ನೋಡಿದಳು, ಮಕ್ಕಳನ್ನು ನೋಡಿದಳು, ನೀರನ್ನು ನೋಡಿದಳು.

"ತಿಂತೀವಕ್ಕ," ಎಂದಳು. "ಮತ್ತೆ ನಾಳೆಗೆ?"

ಅದರಲ್ಲಿ ದೂರು ಇರಲಿಲ್ಲ, ಬೇಡುವ ದನಿಯೂ ಇರಲಿಲ್ಲ. ಸುಮ್ಮನೆ ಲೆಕ್ಕ ಕೇಳಿದ ಹಾಗಿತ್ತು. ಉಳಿಯುವ ಕಡುಬು ಎಂದರೆ ಏನು ಎಂದು ಲುಯೆನ್‌ಗೆ ಆಗ ತಿಳಿಯಿತು. ಕೊಟ್ಟವಳು ಮನೆಗೆ ಹೋಗಿ ಮಲಗಿದ ಮೇಲೂ ಅವಳ ಪರವಾಗಿ ಜಂತೆಯಲ್ಲಿ ನೇತಾಡುತ್ತಾ ಜೊತೆಗಿರುವುದು ಅದು. ಅವಳದು ಉಳಿಯುವುದಿಲ್ಲ. ಹಾಗಾದರೆ ಉಳಿಯಬೇಕಾದವಳು ಅವಳೇ.

"ನಾಳೆಗೆ ನಾನೇ ಬರ್ತೀನಿ," ಎಂದಳು.

"ಬರ್ತೀರಾ?"

"ನೀರು ಇಳಿಯೋ ತನಕ ದಿನಾ ಬರ್ತೀನಿ."

ವಿನ್ ಹಿಂದೆ ಕೆಮ್ಮಿದ. "ದೋಣಿ ಯಾರ್ದು ಅಂತ ಒಂದ್ಮಾತು ಕೇಳ್ಬೋದಿತ್ತು ಅಕ್ಕ." ಆದರೆ ಹಿಡಿಯನ್ನು ತಿರುಗಿಸುತ್ತ, ಆ ತಾಯಿಗೆ ಕೇಳುವ ಹಾಗೆ, "ಹಗ್ಗ ಗಟ್ಟಿಯಾಗಿ ಕಟ್ಟಮ್ಮ, ಸಂಜೆಗೆ ನೀರು ಇನ್ನೊಂದು ಮೊಳ ಏರುತ್ತೆ. ಬೆಳಿಗ್ಗೆ ಬರ್ತೀವಿ," ಎಂದು ಕೂಗಿದ.

ಹೆದ್ದಾರಿಯ ಕಡೆಗೆ ದೋಣಿ ಓಡಿತು. ಮಳೆ ಜೋರಾಯಿತು. ಖಾಲಿ ಚೀಲಗಳು ಕಾಲಡಿಯಲ್ಲಿ ಒದ್ದೆಯಾಗಿ ಬಿದ್ದಿದ್ದವು, ಲುಯೆನ್‌ಳ ಗಂಟಲು ಒಡೆದು ದನಿ ಹೊರಡುತ್ತಿರಲಿಲ್ಲ. ದಿನಾ ಎಂದುಬಿಟ್ಟಳಲ್ಲ, ದೊಡ್ಡ ಹಂಡೆಯೊಂದರಿಂದ ದಿನಾ ಬೇಯಿಸಿ, ಆರಿಸಿ, ಹೊತ್ತಿಗೆ ಸರಿಯಾಗಿ ದೋಣಿಗೆ ಹಾಕುವುದು ಆಗದ ಮಾತು. ಒಂದು ಹಂಡೆ ಬೇಯುವಾಗ ಇನ್ನೊಂದು ಹಂಡೆಯದು ಕೋಲಿನ ಮೇಲೆ ಆರುತ್ತಿರಬೇಕು. ಅವಳು ಎದುರಿಗೆ ಕೂತವಳನ್ನು ನೋಡಿದಳು. ಇಷ್ಟು ವರ್ಷದಲ್ಲಿ ಒಂದು ಹಿಡಿ ಉಪ್ಪನ್ನೂ ಅವಳಿಂದ ಕೇಳಿರಲಿಲ್ಲ.

"ಥಾಮ್," ಎಂದಳು, ಒಡೆದ ದನಿಯಲ್ಲಿ. "ನಿನ್ನ ಹಂಡೆ ಬೇಕು ಕಣೇ."

ಥಾಮ್ ಕಿವಿಯ ಹತ್ತಿರ ಕೈ ಹಿಡಿದಳು. "ಏನು? ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ, ಇದನ್ನ ಪಿಸಪಿಸ ಅಂತೀಯಾ?"

ಲುಯೆನ್ ಎರಡನೆಯ ಸಲ ದೋಣಿಯಲ್ಲಿ ಎದ್ದು ನಿಂತಳು. ವಿನ್ ಬೈಯುತ್ತಲೇ ವೇಗ ತಗ್ಗಿಸಿದ. ಉಳಿದಿದ್ದ ಗಂಟಲನ್ನೆಲ್ಲ ಒಟ್ಟುಮಾಡಿಕೊಂಡು, ಮುಳುಗಿದ ಗದ್ದೆಗಳ ಮೇಲೆ, ಚೀಲ ಇಳಿಸಲು ಬಂದು ಹೆದ್ದಾರಿಯಲ್ಲಿ ಟೆಂಪೊದ ಪಕ್ಕ ಕಾಯುತ್ತಿದ್ದ ಎರಡೂ ಓಣಿಯ ಹೆಂಗಸರಿಗೆ ಕೇಳುವ ಹಾಗೆ, ಅವಳು ಥಾಮ್‌ಳ ಹಂಡೆಯನ್ನು ಕೇಳಿದಳು.